ಬರೀ ತುದಿ

ಮಾಮೂಲ್‌ಪೇಟೆಯಲ್ಲಿ ಎಲಾಸ್ಟಿಕ್ಕನ್ನು ಮೀಟರಿನ ಲೆಕ್ಕದಲ್ಲಿ ಮಾರುತ್ತಾರೆ.
ಕೌಂಟರಿನ ಅಂಚಿಗೆ ಮೊಳೆ ಹೊಡೆದು ಕೂರಿಸಿದ ಹಿತ್ತಾಳೆ ಪಟ್ಟಿ
ಅರವತ್ತನೇ ಸೆಂಟಿಮೀಟರಿನ ಹತ್ತಿರ ಸವೆದು ಕನ್ನಡಿಯಾಗಿದೆ.
ಅಳೆಯುವವಳು ಜಬೀನಾ.
ಅಳೆಯುವಾಗ ಎಳೆಯುವುದಿಲ್ಲ.
ಪಕ್ಕದ ಅಂಗಡಿಯವನು ಎಳೆದೇ ಅಳೆಯುತ್ತಾನಂತೆ,
ಮನೆ ಮುಟ್ಟುವಷ್ಟರಲ್ಲಿ ಹತ್ತು ಮೀಟರು ಎಂಟಾಗಿರುತ್ತದಂತೆ.

"ಯಾವುದಕ್ಕೆ ಮೇಡಮ್? ಲಂಗಕ್ಕಾ, ಚಡ್ಡಿಗಾ?"
ಕ್ವಾರ್ಕಿಗೆ, ಅಂದೆ.
ಹೊಸ ಬ್ರ್ಯಾಂಡ್ ಇರಬೇಕೆಂದುಕೊಂಡು
ಕಾಲಿಂಚಿನದು ತೆಗೆದಳು.

ಭಾನುವಾರ ಬಸವನಗುಡಿಯ ಶಾಲೆಯೊಂದರಲ್ಲಿ ನನ್ನ ಮಾತು.
ಒಂಬತ್ತನೇ ಕ್ಲಾಸಿನ ಮಕ್ಕಳಿಗೆ ಏನು ತೋರಿಸಲಿ?
ಇಪ್ಪತ್ತೆರಡು ವರ್ಷದಿಂದ ನಾನು ಲೆಕ್ಕ ಹಾಕುತ್ತಿರುವುದು
ಯಾರೂ ಒಂಟಿಯಾಗಿ ಕಂಡಿಲ್ಲದ ವಸ್ತು.
ಪ್ರೋಟಾನಿನ ಒಳಗೆ ಮೂರಿವೆ ಅನ್ನುತ್ತೇವೆ.
ಒಂದನ್ನು ಹೊರಗೆ ತಂದು ತೋರಿಸಿ ಅಂದರೆ
ಬರುವುದಿಲ್ಲ ಅನ್ನುತ್ತೇವೆ.
ಯಾಕೆ ಅಂದರೆ
ಬೋರ್ಡಿನ ಕಡೆ ತಿರುಗುತ್ತೇವೆ.

ಚೀಲವೊಂದಿದೆ ಅಂದರು ಮೊದಲು.
ಒಳಗೆ ಒಂದಕ್ಕೊಂದು ಗುರುತೇ ಇಲ್ಲದ ಹಾಗೆ
ಹಾಯಾಗಿ ಓಡಾಡಿಕೊಂಡಿರುತ್ತವೆ,
ಹೊರಗಿನ ಶೂನ್ಯ ಸುತ್ತಲಿಂದ ಅಮುಕಿ ಹಿಡಿದಿರುತ್ತದೆ.
ನನ್ನ ಪಿಎಚ್‌ಡಿ ಕಳೆದದ್ದು ಆ ಚೀಲದ ಬಾಯಿ ಹೊಲಿಯುವುದರಲ್ಲಿ.
ಶೂನ್ಯವೆಂದರೆ ಖಾಲಿಯಲ್ಲ ಎಂದು ಆಗ ಕಲಿತೆ.
ಅದು ಸಂಜೆ ಆರೂವರೆಯ ಮೆಜೆಸ್ಟಿಕ್.
ಹರಡಿಕೊಳ್ಳಲು ಹೊರಟ ಬಲರೇಖೆಗಳನ್ನು
ಎಡಬಲದಿಂದ ಒತ್ತಿ ಒತ್ತಿ
ಒಂದು ಸಣ್ಣ ಕೊಳವೆಯಾಗಿಸಿ ಮುಂದಕ್ಕೆ ಬಿಡುತ್ತದೆ.

ಆಮೇಲೆ ಚೌಕುಳಿ.
ದೇಶಕಾಲವನ್ನೇ ಲೇಔಟ್ ಮಾಡಿ, ಸೈಟು ಕತ್ತರಿಸಿ,
ಅವುಗಳ ಅಂಚಿನ ಮೇಲೆ ಒಂದು ಸುತ್ತು ಹೊಡೆಯುತ್ತೇವೆ.
ಕಾಂಪೌಂಡಿನ ಉದ್ದಕ್ಕೆ ಬೆಲೆ ಕಟ್ಟಿದರೆ ಕ್ವಾರ್ಕು ತಪ್ಪಿಸಿಕೊಂಡಿತು,
ಚದರಡಿಗೆ ಕಟ್ಟಿದರೆ ಸಿಕ್ಕಿಬಿತ್ತು.
ಕಂಪ್ಯೂಟರು ಪ್ರತಿ ಸಲವೂ ಚದರಡಿ ಅನ್ನುತ್ತದೆ,
ಈ ಊರಿನವರೇ ಬರೆದ ಪ್ರೋಗ್ರಾಮಿನ ಹಾಗೆ.
ಕಾಗದದ ಮೇಲೆ ಮಾತ್ರ
ಇನ್ನೂ ಯಾರಿಗೂ ಸಾಬೀತು ಮಾಡಲಾಗಿಲ್ಲ.

ಇದ್ಯಾವುದನ್ನೂ ಜಬೀನಾಗೆ ಹೇಳಲಿಲ್ಲ.
ಎಲಾಸ್ಟಿಕ್ ಎಳೆದು ನೋಡಿ ಇಷ್ಟು ಹೇಳಿದೆ:
ಇದು ಎಳೆದಷ್ಟೂ ಬಿಗಿಯಾಗುತ್ತೆ, ನನ್ನದು ಹಾಗಲ್ಲ.
ಎಷ್ಟು ದೂರ ಹೋದರೂ ಸೆಳೆತ ಅಷ್ಟೇ.
ಹೆಚ್ಚೂ ಇಲ್ಲ, ಕಮ್ಮಿಯೂ ಇಲ್ಲ.
ಹದಿನಾರು ಟನ್ನು, ಹೆಚ್ಚುಕಮ್ಮಿ.
ಫುಟ್‌ಬೋರ್ಡಿನವರೂ ಸೇರಿ
ಒಂದು ತುಂಬಿದ ಬಿಎಂಟಿಸಿ ಬಸ್ಸು,
ಕಣ್ಣಿಗೆ ಕಾಣದ ದಾರಕ್ಕೆ ನೇತುಹಾಕಿದ ಹಾಗೆ.

ಅವಳು ಬಸ್ಸಿಗೆ ಬೆರಗಾಗಲಿಲ್ಲ.
ಹಿಂದಿನ ಶೆಲ್ಫಿನಿಂದ ಬಿಳಿ ದಾರದ ರೀಲು ತೆಗೆದು
ನನ್ನ ಬೆರಳಿಗೆ ಕೊನೆ ಕೊಟ್ಟು, "ಹಿಂದಕ್ಕೆ ಹೋಗಿ" ಅಂದಳು.
ಹೋದೆ.
"ಜಾಸ್ತಿ ಬಿಗಿ ಆಯ್ತಾ?"
ಇಲ್ಲ.
"ನಿಮ್ದು ಎಲಾಸ್ಟಿಕ್ ಅಲ್ಲ ಮೇಡಮ್, ರೀಲು.
ಇದ್ದಿದ್ದೇ ಉದ್ದ ಆಗ್ತಿಲ್ಲ.
ಎಳೆದಷ್ಟೂ ಹೊಸದು ಬರ್ತಾ ಇದೆ."

ಸೆಮಿನಾರಿನಲ್ಲಿ ಇದನ್ನು ಹೇಳಲು
ನನಗೆ ಹನ್ನೊಂದು ಸ್ಲೈಡು ಬೇಕಾಗಿತ್ತು.

ಆಸೆಯಾಯಿತು. ಕೇಳಿಯೇಬಿಟ್ಟೆ:
ಇದರ ತುದಿ ಒಂದು ಕೊಡ್ತೀಯಾ? ಬರೀ ತುದಿ. ದಾರ ಬೇಡ.
ಕತ್ತರಿ ಎತ್ತಿದವಳು ಹಾಗೇ ನಿಂತಳು.
ಆಮೇಲೆ ನಕ್ಕಳು, ಪಕ್ಕದ ಅಂಗಡಿಯವನು ತಿರುಗಿ ನೋಡುವ ಹಾಗೆ.
"ಕತ್ತರಿಸಿದ್ರೆ ನಿಮ್ಮ ಕಡೆ ಒಂದು, ನನ್ನ ಕಡೆ ಒಂದು,
ಇನ್ನೆರಡು ಹುಟ್ಟುತ್ತೆ.
ಬರೀ ತುದಿ ಯಾವ ಮಿಲ್ಲಲ್ಲಿ ಮಾಡ್ತಾರೆ?"

ಬಿಲ್ಲು ಬರೆದಳು: ಎಲಾಸ್ಟಿಕ್ ಮೂರು ಮೀಟರು, ದಾರ ಒಂದು ರೀಲು.
ತುದಿಗೆಷ್ಟು? ಅಂದೆ.
"ತುದಿ ಫ್ರೀ."
ನಮ್ಮ ವಿಭಾಗದಲ್ಲಿ ಆ ಮಾತನ್ನು
ಅಷ್ಟು ಸಲೀಸಾಗಿ ಯಾರೂ ಆಡುವುದಿಲ್ಲ.

ಟೌನ್‌ಹಾಲ್ ಸಿಗ್ನಲ್ಲಿನಲ್ಲಿ ಆಟೋ ನಿಂತಾಗ ನೋಡಿದೆ.
ಬ್ಯಾಗಿನ ಜಿಪ್ಪಿನ ಸಂದಿಯಿಂದ ಬಿಳಿ ದಾರ ಹೊರಬಿದ್ದು
ಬಸ್ಸುಗಳ ನಡುವೆ, ಬಂದ ದಾರಿಯ ಕಡೆಗೇ ಹೋಗಿತ್ತು.
ಮೆಲ್ಲಗೆ ಎಳೆದೆ.
ಆ ಕಡೆ ಏನಿತ್ತೋ,
ಬಿಗಿಯಾಗಿಯೇ ಇತ್ತು.
ಹಸಿರು ಬಿತ್ತು.